ಪಿಟೀಲಿನ ಟೊಪ್ಪಿ

ಅಮ್ಮನ ಸೀರೆಗೆ ಚುಚ್ಚಲು ಒಂದು ಪಿನ್ನು ಬೇಕಿತ್ತು. ಹುಡುಕುತ್ತ ಕಪಾಟಿನ ಮೇಲಿನ ಹಳೆಯ ಚಾಕಲೇಟ್ ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದರೆ ಪಿನ್ನಿಗಿಂತ ಮೊದಲು ಸಿಕ್ಕಿದ್ದು ವಾಸನೆ. ಪಿಟೀಲಿನ ಕಮಾನಿಗೆ ಉಜ್ಜುವ ರಾಳದ ವಾಸನೆ. ಜೇನುತುಪ್ಪದ ಬಣ್ಣದ ಆ ತುಂಡು ಹಸಿರು ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡು ಇಷ್ಟು ವರ್ಷ ಗುಂಡಿಗಳ, ದಾರದ ಉಂಡೆಗಳ ನಡುವೆ ಸುಮ್ಮನೆ ಬಿದ್ದಿತ್ತು. ಕನ್ನಡಿಯ ಮುಂದಿದ್ದ ಅಮ್ಮ ತಿರುಗದೆಯೇ ಕೇಳಿದಳು, "ಇಲ್ಜೆಯದ್ದಲ್ವಾ ಅದು?" ನರ್ಸ್ ಆಗಿ ದುಡಿದ ಅವಳ ಮೊಣಕಾಲು ಕೈಕೊಟ್ಟಿದೆ, ಕಣ್ಣಿಗೆ ಪೊರೆ ಬಂದಿದೆ, ಮೂಗು ಮಾತ್ರ ಇನ್ನೂ ಆಸ್ಪತ್ರೆಯ ಡ್ಯೂಟಿಯಲ್ಲೇ ಇದೆ. ಪಪ್ಪ ತೀರಿಕೊಂಡ ಮೇಲೆ ಅವಳು ದುಬೈಯಲ್ಲಿ, ನಮ್ಮ ಡಿಸ್ಕವರಿ ಗಾರ್ಡನ್ಸಿನ ಫ್ಲ್ಯಾಟಿನಲ್ಲಿ ಇದ್ದಾಳೆ. ಅಬುಧಾಬಿಯ ಸಂಗೀತೋತ್ಸವದಲ್ಲಿ ಒಂದು ಸಂಜೆ ಪೂರ್ತಿ ಲಾಟ್ವಿಯಾದ ಕಲಾವಿದರಿಗೆ ಮೀಸಲು ಎಂಬ ಜಾಹೀರಾತನ್ನು ಫೋನಿನಲ್ಲಿ ನೋಡಿ ಅವಳಿಗೆ ಓದಿ ಹೇಳಿದವಳು ನಾನೇ. ಅವತ್ತಿನಿಂದ ಅವಳದ್ದು ಒಂದೇ ಹಟ. "ಇಲ್ಜೆ ಬರ್ತಾಳೆ. ಬಾರದಿದ್ದರೂ ಅವಳ ಪೈಕಿ ಯಾರಾದರೂ ಇರ್ತಾರೆ. ಒಮ್ಮೆ ಆ ಪಿಟೀಲಿನ ಸರಿಯಾದ ಸ್ವರ ಕೇಳ್ಬೇಕು ನನಗೆ."

ಈ 'ಸರಿಯಾದ ಸ್ವರ' ಅಂದರೆ ಏನೆಂದು ತಿಳಿಯಬೇಕಾದರೆ ನೀವು ಅಬುಧಾಬಿಯ ನಮ್ಮ ಹಳೆಯ ಮನೆಗೆ ಬರಬೇಕು. ಬರುವುದಾದರೂ ಎಲ್ಲಿಗೆ? ಕಟ್ಟಡವನ್ನೇ ಕೆಡವಿ ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಎರಡು ಕೋಣೆಯ ಫ್ಲ್ಯಾಟು. ಒಂದರಲ್ಲಿ ನಾವು ಮೂವರು, ಇನ್ನೊಂದು 'ಶೇರಿಂಗ್'ಗೆ, ಅಂದರೆ ಬೇರೆಯವರಿಗೆ ಬಾಡಿಗೆಗೆ. ಆ ಕಾಲದಲ್ಲಿ ಇಡೀ ಫ್ಲ್ಯಾಟನ್ನು ಒಂದೇ ಕುಟುಂಬ ಇಟ್ಟುಕೊಳ್ಳುವುದು ನಮ್ಮಂಥವರ ಕನಸಿನಲ್ಲೂ ಇರಲಿಲ್ಲ. ಪಪ್ಪ ದೊಡ್ಡ ಹೋಟೆಲೊಂದರ ಔತಣ ವಿಭಾಗದಲ್ಲಿ ಸ್ಟೀವರ್ಡ್. ಅದೇ ಹೋಟೆಲಿನ ಲಾಬಿಯಲ್ಲಿ ಸಂಜೆಯ ಹೊತ್ತು ಪಿಟೀಲು ನುಡಿಸುತ್ತಿದ್ದವಳು ಲಾಟ್ವಿಯಾದ ಇಲ್ಜೆ. ಹೋಟೆಲು ಕೊಟ್ಟ ವಸತಿಯಲ್ಲಿ ಅಭ್ಯಾಸಕ್ಕೆ ಜಾಗವಿಲ್ಲವೆಂದು ಅವಳು ಸ್ಟಾಫ್ ಕ್ಯಾಂಟೀನಿನಲ್ಲಿ ಗೋಳು ತೋಡಿಕೊಂಡಳಂತೆ. ಪಪ್ಪ ಹಿಂದುಮುಂದು ನೋಡದೆ "ನಮ್ಮಲ್ಲಿ ರೂಮ್ ಉಂಟು" ಅಂದುಬಿಟ್ಟರು. ಹಾಗೆ ಒಂದು ಬೆಳಿಗ್ಗೆ, ಬಂಗುಡೆ ಸಾರಿನ ಘಾಟಿನ ನಡುವೆ, ಉದ್ದ ಕೈಗಳ ಬೆಳ್ಳನೆಯ ಹೆಂಗಸೊಬ್ಬಳು ಸೂಟ್‌ಕೇಸನ್ನು ಬಾಗಿಲಲ್ಲೇ ಬಿಟ್ಟು, ಪಿಟೀಲಿನ ಪೆಟ್ಟಿಗೆಯನ್ನು ಮಾತ್ರ ಎದೆಗೊತ್ತಿಕೊಂಡು ಒಳಗೆ ಬಂದಳು. ಬಂದವಳೇ ಮೂಗರಳಿಸಿ, ಇದು ಯಾವ ಮೀನು ಎಂದು ಕೇಳಿದಳು. ಸಮುದ್ರದ ಬದಿಯ ಊರಿನವಳಂತೆ. ಅಮ್ಮನಿಗೆ ಅಷ್ಟು ಸಾಕಾಯಿತು.

ತೊಂದರೆ ಇದ್ದದ್ದು ಹೊತ್ತಿನದು. ಅಮ್ಮನಿಗೆ ಆಸ್ಪತ್ರೆಯಲ್ಲಿ ಯಾವಾಗಲೂ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ಒಂದು ಲೋಟ ಗಂಜಿ ಕುಡಿದು ಮಲಗಿದರೆ ಮಧ್ಯಾಹ್ನದವರೆಗೆ ಮನೆಯೇ ಉಸಿರು ಬಿಗಿಹಿಡಿಯಬೇಕು. ಇಲ್ಜೆಗೆ ಅಭ್ಯಾಸಕ್ಕೆ ಸಿಗುತ್ತಿದ್ದದ್ದೂ ಬೆಳಗಿನ ಹೊತ್ತೇ. ಅಮ್ಮನ ಮಂಚಕ್ಕೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಮೊದಲ ದಿನವೇ ಅವಳು ಪೆಟ್ಟಿಗೆಯಿಂದ ಬಾಚಣಿಗೆಯಂಥ ಒಂದು ಕಪ್ಪು ರಬ್ಬರಿನ ತುಂಡು ತೆಗೆದು ಪಿಟೀಲಿನ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಎತ್ತಿ ಹಿಡಿದಿರುವ ಮರದ ಬಿಲ್ಲೆಯ ಮೇಲೆ, ಸಿಕ್ಕಿಸಿದಳು. ಕಮಾನು ಎಳೆದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಂತೆ ಕುಗ್ಗಿದ ಸ್ವರ ಬಂತು. ನಾವು ಅದಕ್ಕೆ ಟೊಪ್ಪಿ ಎಂದು ಹೆಸರಿಟ್ಟೆವು. "ಪಿಟೀಲಿಗೆ ಟೊಪ್ಪಿ ಹಾಕಿದ್ಲು, ಅಡ್ಡಿಲ್ಲ. ಬಾಡಿಗೆಗೆ ಹಾಕದಿದ್ರೆ ಸಾಕು" ಎಂದು ಪಪ್ಪ ಅಮ್ಮನನ್ನು ಕೆಣಕುತ್ತಿದ್ದರು. ಕೆಳಗಿನ ತರಗತಿಗಳಿಗೆ ಮಧ್ಯಾಹ್ನದ ಪಾಳಿಯ ಶಾಲೆಯಾದ್ದರಿಂದ ಬೆಳಿಗ್ಗೆಯೆಲ್ಲ ನಾನು ಅವಳ ಕೋಣೆಯ ನೆಲದಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಕಮಾನಿನಿಂದ ಉದುರಿದ ರಾಳದ ಬಿಳಿ ಹುಡಿ ಬಿಸಿಲ ಪಟ್ಟಿಯಲ್ಲಿ ತೇಲುತ್ತಿತ್ತು. ಕೊನೆಗೆ ಅವಳು ತಪ್ಪದೆ ಒಂದು ನಿಧಾನದ ರಾಗ ನುಡಿಸುತ್ತಿದ್ದಳು. ಅವಳ ಊರಿನ ಹಳೆಯ ಹಾಡೊಂದರದ್ದು. ಆ ರಾಗ ಬಂದರೆ ಎಂಥ ತಲೆಬಿಸಿ ಇದ್ದರೂ ನಿದ್ರೆ ಗ್ಯಾರಂಟಿ ಎನ್ನುತ್ತಿದ್ದಳು ಅಮ್ಮ.

ಯೇಸುವಿಗೆ ಸ್ನಾನದೀಕ್ಷೆ ಕೊಟ್ಟ ಸ್ನಾನಿಕ ಯೊವಾನ್ನರ ಜೂನ್ ತಿಂಗಳ ಹಬ್ಬ ಅವಳ ಊರಿನಲ್ಲಿ ವರ್ಷದ ಅತಿ ದೊಡ್ಡ ಹಬ್ಬವಂತೆ. ಆ ದಿನ ಯೊವಾನ್ನ ಎಂಬ ಹೆಸರಿನ ಗಂಡಸರಿಗೆಲ್ಲ ಎಲೆಯ ಕಿರೀಟ ತೊಡಿಸುವ ಪದ್ಧತಿ. ನಮ್ಮ ಪಪ್ಪನ ಹೆಸರು ಜುವಾಂವ್. ಕೊಂಕಣಿಯಲ್ಲಿ ಅದೂ ಯೊವಾನ್ನನೇ ಎಂದು ತಿಳಿದ ಕೂಡಲೇ ಇಲ್ಜೆ ಅಲ್ ಮೀನಾದ ತರಕಾರಿ ಮಾರುಕಟ್ಟೆಗೆ ಹೋಗಿ, ಓಕ್ ಎಲೆ ಎಲ್ಲಿ ಸಿಗಬೇಕು, ಒಂದು ಹೊರೆ ಕರಿಬೇವು ತಂದಳು. ಜೀರಿಗೆ ಹಾಕಿ ಚೀಸು ಕಾಯಿಸಿದಳು. ಹೊರಗೆ ಕಾಗೆಯೂ ಹಾರದಂಥ ಸೆಕೆ. ಒಳಗೆ ಪಪ್ಪ ಬನಿಯನ್ನು, ಲುಂಗಿ, ತಲೆಯ ಮೇಲೆ ಕರಿಬೇವಿನ ಕಿರೀಟ. ಅವಳು ಹಾಡಿದಳು, ಅಮ್ಮ ಕೊಂಕಣಿಯಲ್ಲಿ ಮದುವೆ ಮನೆಯ ವೊವಿಯೊ ಹಾಡಿದಳು. ಮರುದಿನ ಆ ಕಿರೀಟದ ಎಲೆ ಕಿತ್ತೇ ಮೀನಿನ ಸಾರಿಗೆ ಒಗ್ಗರಣೆ ಕೊಟ್ಟದ್ದು. ಆ ಮನೆಯಲ್ಲಿ ಅಷ್ಟು ನಕ್ಕ ಇನ್ನೊಂದು ದಿನ ನನಗೆ ನೆನಪಿಲ್ಲ.

ಆದರೆ ಟೊಪ್ಪಿ ತೆಗೆದ ಪಿಟೀಲನ್ನು ನಾವು ಯಾರೂ ಸರಿಯಾಗಿ ಕೇಳಲಿಲ್ಲ. ಸ್ಟಾಫಿನ ಮನೆಯವರು ಲಾಬಿಯಲ್ಲಿ ಕೂರುವಂತಿರಲಿಲ್ಲ. ಪಪ್ಪ ಟ್ರೇ ಹಿಡಿದು ಅಡುಗೆಮನೆಯ ಬಾಗಿಲು ದಾಟುವಾಗ ಒಂದು ತುಂಡು ಕೇಳುತ್ತಿತ್ತಂತೆ; ಬಾಗಿಲು ಮುಚ್ಚಿದರೆ ಅದೂ ಇಲ್ಲ. ಅಮ್ಮನಿಗೆ ರಜೆ ಇದ್ದ ಶುಕ್ರವಾರ ನಾವು ಇಗರ್ಜಿಯ ಪೂಜೆಯಲ್ಲಿ, ಇಲ್ಜೆ ಹೋಟೆಲಿನ ಶುಕ್ರವಾರದ ಊಟದ ಸಂಗೀತದಲ್ಲಿ. "ಒಂದು ದಿನ ಸರಿಯಾಗಿ ನುಡಿಸು ಮಾರಾಯ್ತಿ" ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಒಂದು ದಿನ, ಒಂದು ದಿನ ಎನ್ನುತ್ತ ನಾಲ್ಕು ವರ್ಷವಾಯಿತು. ಒಂದೇ ಸೂರಿನಡಿ ಇದ್ದೇವಲ್ಲ ಎಂಬ ಧೈರ್ಯ ನಮಗೆ.

ಮತ್ತೊಂದು ಜೂನಿನಲ್ಲಿ ಅವಳು ಹಬ್ಬಕ್ಕೆ ಊರಿಗೆ ಹೊರಟಳು. "ವೆಕೇಶನ್" ಎಂದಳು. ಗಲ್ಫಿನಲ್ಲಿ ಹೋಗುವವರೆಲ್ಲ ಹೇಳುವುದು ಅದನ್ನೇ. ವೀಸಾ ಕ್ಯಾನ್ಸಲ್ ಆಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅಳು, ಬೀಳ್ಕೊಡುಗೆ, ಉಡುಗೊರೆ, ಎಲ್ಲ ಆಗಬೇಕಾಗುತ್ತದೆ. ನಾವೂ ನಂಬಿದೆವು. ಅಮ್ಮ ಆ ಬೆಳಿಗ್ಗೆ ಡಬಲ್ ಡ್ಯೂಟಿ ಮುಗಿಸಿ ಬಂದು, ಇಲ್ಜೆಯ ಕೆನ್ನೆ ತಟ್ಟಿ, ಮಲಗಲು ಹೋದಳು. ಇಲ್ಜೆ ಹಾಲ್‌ನಲ್ಲಿ ನಿಂತು ಪಿಟೀಲಿನಿಂದ ಟೊಪ್ಪಿ ತೆಗೆದಳು. "ಇವತ್ತು ಇದು ಬೇಡ. ಅಮ್ಮ ಏಳಲಿ, ಅವಳಿಗಾಗಿ ನುಡಿಸ್ತೇನೆ" ಎಂದು ತನ್ನ ಇಂಗ್ಲಿಷಿನಲ್ಲಿ ನನಗೆ ಪಿಸುಗುಟ್ಟಿದಳು. ಪಿಟೀಲನ್ನು ಗಲ್ಲಕ್ಕೆ ಆನಿಸಿಕೊಂಡು ಅಮ್ಮನ ಬಾಗಿಲನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ಬಾಗಿಲು ತೆರೆಯಲಿಲ್ಲ. ಕೆಳಗಿನಿಂದ ವಾಚ್‌ಮನ್ ಬೆಲ್ ಒತ್ತಿದ, ಟ್ಯಾಕ್ಸಿ ಬಂದಿತ್ತು. ಅವಳು ಮತ್ತೆ ಟೊಪ್ಪಿ ಸಿಕ್ಕಿಸಿ, ಆ ನಿಧಾನದ ರಾಗವನ್ನು ಬಾಗಿಲಿನ ಹತ್ತಿರ ನಿಂತು ಒಮ್ಮೆ ನುಡಿಸಿದಳು. ಈ ರಾಳದ ತುಂಡನ್ನು ನನ್ನ ಕೈಗಿಟ್ಟು ಹೋದಳು. ಅವಳ ಕಾಂಟ್ರಾಕ್ಟ್ ಮುಗಿದಿತ್ತೆಂಬುದು ಪಪ್ಪನಿಗೆ ತಿಳಿದದ್ದು ತಿಂಗಳ ನಂತರ.

ಸಂಗೀತೋತ್ಸವದ ಆ ಸಂಜೆ ಸಭಾಂಗಣದ ಮುಂದೆ ಅಮ್ಮ ಗೋಡೆಯ ಮೇಲಿದ್ದ ಕಲಾವಿದರ ಭಾವಚಿತ್ರಗಳನ್ನೆಲ್ಲ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಕೊನೆಗೆ ಕರಪತ್ರ ಹಂಚುತ್ತಿದ್ದ ಲಾಟ್ವಿಯಾದ ಹೆಂಗಸಿನ ಮುಂಗೈ ಹಿಡಿದು, "ಇಲ್ಜೆ ಗೊತ್ತುಂಟಾ ನಿಮಗೆ? ವಯೊಲಿನ್ ಇಲ್ಜೆ?" ಎಂದು ತನ್ನ ನರ್ಸ್ ಇಂಗ್ಲಿಷಿನಲ್ಲಿ ಕೇಳಿದಳು. ಆಕೆ ಪ್ರೀತಿಯಿಂದಲೇ ನಕ್ಕು, ನಮ್ಮ ದೇಶದಲ್ಲಿ ಯಾವ ಬೀದಿಯಲ್ಲಿ ಕೂಗಿದರೂ ಒಬ್ಬ ಇಲ್ಜೆ ತಿರುಗಿ ನೋಡುತ್ತಾಳೆ ಅಂದಳು. "ನಮ್ಮಲ್ಲಿ ಮೇರಿ ಇದ್ದ ಹಾಗೆ" ಎಂದು ಅಮ್ಮ ನನಗೆ ವಿವರಿಸಿ, ಮುಖ ಸಣ್ಣದು ಮಾಡಿಕೊಂಡು ಬಂದು ಕೂತಳು.

ಸಂಗೀತ ದೊಡ್ಡದಾಗಿತ್ತು. ಚಿಕ್ಕ ವಯಸ್ಸಿನ ಪಿಟೀಲು ವಾದಕಿಯೊಬ್ಬಳು ಮುಂದೆ ನಿಂತು ನುಡಿಸಿದ್ದು ನನ್ನ ಪಕ್ಕೆಲುಬಿನವರೆಗೆ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ಬೇರೆಯವರ ಮದುವೆಗೆ ಬಂದವಳಂತೆ ಸೆರಗು ಹೊದ್ದು ಕೂತಿದ್ದಳು. ಇಷ್ಟು ವರ್ಷ ಕಾದ ಸ್ವರ ಅದೇ ತಾನೆ, ಆದರೂ ಅವಳಿಗೆ ಅದರಲ್ಲಿ ಯಾರ ಗುರುತೂ ಸಿಗಲಿಲ್ಲ. ಕೊನೆಗೆ, ಚಪ್ಪಾಳೆ ನಿಲ್ಲದ್ದರಿಂದ, ಊರಿನ ಒಂದು ಹಳೆಯ ಹಾಡು ನುಡಿಸುತ್ತೇವೆ ಎಂದಳು ಆ ಹುಡುಗಿ. ಪಿಟೀಲಿನವರೆಲ್ಲ ತಲೆ ಬಗ್ಗಿಸಿ ಏನನ್ನೋ ಸಿಕ್ಕಿಸಿಕೊಂಡರು. ಟೊಪ್ಪಿ. ಅದೇ ನಿಧಾನದ ರಾಗ, ಬಾಯಿ ಮುಚ್ಚಿದ ಅದೇ ಗುನುಗು, ಗೋಡೆಯ ಆಚೆಯಿಂದ ಬಂದಂತೆ ಬಂತು. ಅಮ್ಮ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಬಂದ್ಲು" ಅಂದಳು, ಅಷ್ಟೆ. ನನಗೆ ಬಂಗುಡೆ ಸಾರು, ಹಾರುವ ರಾಳದ ಹುಡಿ, ಪಪ್ಪನ ಕರಿಬೇವಿನ ಕಿರೀಟ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ನಮ್ಮ ಪಾಲಿಗೆ ಇದ್ದದ್ದು ಆ ಮುಚ್ಚಿದ ಸ್ವರ ಒಂದೇ.

ದುಬೈಗೆ ಮರಳುವ ದಾರಿಯಲ್ಲಿ ಅಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ಮಲಗಿರಬೇಕು ಎಂದುಕೊಂಡು ನಾನು ರೇಡಿಯೊ ತಗ್ಗಿಸಿದೆ.

"ಮಲಗಲಿಲ್ಲ ಬಾಯೆ," ಅಂದಳು ಅಮ್ಮ. "ಅವತ್ತೂ ಮಲಗಿರಲಿಲ್ಲ. ಅವಳು ಬಾಗಿಲ ಹತ್ತಿರ ನಿಂತದ್ದು, ನಿನ್ನ ಹತ್ರ ಹೇಳಿದ್ದು, ಎಲ್ಲ ಕೇಳಿಸ್ತಿತ್ತು ನನಗೆ. ಏಳ್ಬೇಕು ಅಂತ ಇತ್ತು. ಕಾಲು ಸೋತಿತ್ತು. ಹೇಗೂ ವೆಕೇಶನ್ ಅಲ್ವಾ, ಬಂದ ಮೇಲೆ ಕೇಳುವಾ ಅಂತ ಕಣ್ಣು ಮುಚ್ಚಿದೆ." ಕಿಟಕಿಯ ಕಡೆ ತಿರುಗಿದಳು. "ಟೊಪ್ಪಿ ತೆಗಿ, ನಾನು ಎದ್ದಿದ್ದೇನೆ ಅಂತ ಒಳಗಿಂದ ಒಂದು ಮಾತು ಹೇಳಿದ್ರೆ ಸಾಕಿತ್ತು."