ಗಂಟೆ ಬಾರಿಸದ ಮದುವೆ

ಎಂಬತ್ತರ ದಶಕದ ಬ್ಯಾಡಗಿಯಲ್ಲಿ ನಮ್ಮವರ ಮದುವೆ ಊರಿಗೆಲ್ಲ ಗೊತ್ತಾಗುತ್ತಿದ್ದುದು ಗಂಟೆಯಿಂದ. ನಮ್ಮ ಹೆಂಚಿನ ಚರ್ಚಿನ ಗಂಟೆ ಹೊಡೆದರೆ ಮೆಣಸಿನಕಾಯಿ ಪೇಟೆಯವರೆಗೂ ಕೇಳಿಸುತ್ತಿತ್ತು. “ಕಿರಿಸ್ತಾನರ ಮದಿವಿ ನೋಡ” ಎಂದು ಕಾಯಿಯ ತೊಟ್ಟು ಬಿಡಿಸುತ್ತ ಕೂತ ಹೆಂಗಸರು ಗೋಣೆತ್ತುತ್ತಿದ್ದರು. ಸುಗ್ಗಿಯ ಘಾಟಿಗೆ ಪಾದ್ರಿಗಳೇ ಪ್ರಾರ್ಥನೆಯ ನಡುವೆ ಸೀನುತ್ತಿದ್ದರು. ನಾವು ಹುಡುಗಿಯರು ಕಿಸಕ್ಕೆಂದು ನಕ್ಕು ಅಜ್ಜಿಯಿಂದ ತೊಡೆ ಚಿವುಟಿಸಿಕೊಳ್ಳುತ್ತಿದ್ದೆವು.

ಅಂಥ ಒಂದು ಸುಗ್ಗಿಯಲ್ಲಿ ನನ್ನ ಸೋದರತ್ತೆ ಕರುಣಾಳ ಮದುವೆ. ವರ ರಾಣೆಬೆನ್ನೂರಿನ ಜಯವಂತ. ನಿಶ್ಚಯವಾಗಿ ಬಹಳ ದಿನವಾಗಿತ್ತು. ನಡುವೆ ಅವನ ತಂದೆ ತೀರಿಕೊಂಡು ಮದುವೆ ಮುಂದೆ ಹೋಗಿತ್ತು. ಅತ್ತೆ ಹೊಲಿಗೆಯವಳು. ಎಷ್ಟೋ ಮದುವಣಗಿತ್ತಿಯರ ಬಿಳಿ ಮುಸುಕಿಗೆ ಲೇಸು ಕೂರಿಸಿದವಳು ಈಗ ತನ್ನದಕ್ಕೆ ಕೂರಿಸುತ್ತಿದ್ದಳು. ಅದರ ತುದಿ ಹಿಡಿದು ಹಿಂದೆ ನಡೆಯುವವಳು ನಾನು! ಒಳಗೆ ಕರ್ಚಿಕಾಯಿ ಕರಿಯುವ ವಾಸನೆ. ಹಿತ್ತಲಲ್ಲಿ ಅವ್ವನ ಸೆರಗು ಹಿಡಿದು ನನ್ನ ನಡಿಗೆಯ ತಾಲೀಮು. “ಸಾವಕಾಶ ನಡಿಯವ್ವಾ ತಾಯಿ, ನನ್ನ ಮುಸುಕ ಹರದಗಿರದೀತು” ಎಂದು ಅತ್ತೆ ನಗುತ್ತಿದ್ದಳು.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಮದುವೆಗೆ ಮುಂಚೆ ಪಾದ್ರಿಗಳು ಮದುಮಗಳನ್ನು ಮನೆಗೆ ಕರೆಸಿ, ತಮ್ಮ ಹೆಂಡತಿಯ ಸಮಕ್ಷಮ, “ಶುದ್ಧ ಇದ್ದೀಯೇನವಾ?” ಎಂದು ಕೇಳುವರು. ಹೂಂ ಎಂದರೆ ಬಿಳಿ ಮುಸುಕು, ಹೂವು, ಗಂಟೆ. ಇಲ್ಲ ಎಂದರೆ ಮದುವೆಯೇನೋ ಆಗುತ್ತದೆ, ಆದರೆ ಮುಸುಕಿಲ್ಲದ ಮದುವೆ, ಗಂಟೆಯಿಲ್ಲದ್ದು. ತಾನಾಗಿ ಇಲ್ಲ ಎಂದವಳನ್ನು ಯಾರೂ ಕಂಡಿರಲಿಲ್ಲ; ಹೊಟ್ಟೆ ಮುಂದೆ ಬಂದವರು ಸಿಕ್ಕಿಬೀಳುತ್ತಿದ್ದರು, ಅಷ್ಟೆ. ಗಂಡಸರನ್ನು ಕೇಳುವ ಪದ್ಧತಿ ಇರಲಿಲ್ಲ. ಯಾಕಿರಲಿಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕರುಣತ್ತೆ ಇಲ್ಲ ಎಂದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹೂಂ ಎಂದಿದ್ದರೆ ಯಾವ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಜೊತೆಗಿದ್ದವನೂ ಬೇರಾರೂ ಅಲ್ಲ, ಅವಳ ಜಯವಂತನೇ. ಇದೆಲ್ಲ ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ.

ಸಂಜೆ ಪಾದ್ರಿಗಳು ಮನೆಗೆ ಬಂದರು. ಕೆಟ್ಟವರಲ್ಲ ಅವರು, ಮುಖ ಬಾಡಿತ್ತು. “ದೇವರು ಕ್ಷಮಿಸ್ಯಾನ ತಂಗಿ. ಆದ್ರ ಪದ್ಧತಿ ಅಂತ ಒಂದ ಐತಲ್ಲ, ನಾ ಏನ್ ಮಾಡ್ಲಿ?”

“ದೇವರ ಕ್ಷಮಿಸಿದ ಮ್ಯಾಲ ಗಂಟಿಗ್ಯಾಕ ಸಿಟ್ಟರಿ, ಅಯ್ಯನವರ?” ಎಂದಳು ಅತ್ತೆ.

ಸಭೆಯ ಹಿರಿಯನಾಗಿದ್ದ ಅಪ್ಪ, ಮದುವೆಗಳಲ್ಲಿ ಗಂಟೆಯ ಹಗ್ಗ ಎಳೆಯುತ್ತಿದ್ದವನೂ ಅವನೇ, ನೆಲ ನೋಡುತ್ತ ಕೂತಿದ್ದ. ಅಜ್ಜಿ ಎದೆ ಬಡಿದುಕೊಂಡಳು. “ಹೂಂ ಅನ್ನಾಕ ನಿನ್ನ ನಾಲಿಗಿ ಬಿದ್ದಿತ್ತೇನ?”

“ಸುಳ್ಳ ಹೇಳಿ ಚರ್ಚಿನ್ಯಾಗ ಪ್ರಭುಭೋಜನದ ರೊಟ್ಟಿಗೆ ಹೆಂಗ ಕೈ ಒಡ್ಡಲಿ ಯವ್ವಾ? ನೀನ ಕಲಿಸೀದಿಯಲ್ಲ, ದೇವರ ಮುಂದ ಖರೇನ ಹೇಳ್ಬೇಕು ಅಂತ.”

“ಆ ಜಯವಂತನ್ನ ಯಾಕ ಕೇಳೂದಿಲ್ರಿ?” ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು. “ನೀ ಬಾಯಿ ಮುಚ್ಚು” ಎಂದ ಅಪ್ಪ.

ನಾನು ಅಳುತ್ತ, “ಹಂಗಾರ ನಾ ಏನ್ ಹಿಡಕೊಂಡು ನಡೀಲಿ?” ಎಂದೆ. ಅತ್ತೆ ನನ್ನನ್ನು ಎಳೆದು ತಬ್ಬಿಕೊಂಡಳು. ಅವಳ ಕಣ್ಣೀರು ನನ್ನ ಕುತ್ತಿಗೆಗೆ ಇಳಿಯಿತು.

ಮದುವೆಗೆ ಅತ್ತೆ ತಿಳಿನೀಲಿ ಸೀರೆಯಲ್ಲಿ ಬಂದಳು, ತಲೆಯ ಮೇಲೆ ಬರೀ ಸೆರಗು. ಜಯವಂತನ ಕೋಟಿನ ಮೇಲೆ ಮಾತ್ರ ಗುಲಾಬಿ ಇತ್ತು, ಅದನ್ನು ಯಾರೂ ತೆಗೆಸಲಿಲ್ಲ. ಆಶೀರ್ವಾದ ಮುಗಿಯಿತು. ಗಂಟೆಯಾಗಬೇಕಾದ ಹೊತ್ತಿನಲ್ಲಿ ಬರೀ ಕೆಮ್ಮು ಕೇಳಿಸಿತು. ಹೊರಗೆ ಬಂದಾಗ ಪೇಟೆಗೆ ಹೊರಟಿದ್ದ ಮೋಟೆಬೆನ್ನೂರಿನ ಹೆಂಗಸೊಬ್ಬಳು, ಏನೂ ಅರಿಯದ ಪಾಪದವಳು, “ಮದಿವಿ ಆತಲ್ಲ, ಗಂಟಿ ಯಾಕ ಬಡೀಲಿಲ್ರಿ?” ಎಂದು ದೊಡ್ಡ ದನಿಯಲ್ಲಿ ಕೇಳಿಬಿಟ್ಟಳು. ಜಯವಂತನ ತಾಯಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

ರಾಣೆಬೆನ್ನೂರಿನ ಆ ಮನೆಯಲ್ಲಿ ಅತ್ತೆಗೆ ‘ಗಂಟಿ ಇಲ್ಲದ ಸೊಸಿ’ ಎಂಬ ಹೆಸರೇ ನಿಂತಿತು. ‘ತಪ್ಪು ನಂದೂ ಐತಿ’ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು, ಜಯವಂತ ಆಡಲಿಲ್ಲ. ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದನಂತೆ. ಅತ್ತೆ ತವರಿಗೆ ಬಂದರೂ ಭಾನುವಾರದ ಆರಾಧನೆಗೆ ಮುಂಚೆ ಬಸ್ಸು ಹತ್ತಿಬಿಡುತ್ತಿದ್ದಳು. ಯಾವ ಪ್ರಭುಭೋಜನಕ್ಕಾಗಿ ನಿಜ ಹೇಳಿದ್ದಳೋ ಅದಕ್ಕೆ ಮತ್ತೆಂದೂ ಕೈ ಒಡ್ಡಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಮದುವೆ ಬಂತು. ಪಾದ್ರಿಗಳು ಬೇರೆ, ಪ್ರಶ್ನೆ ಅದೇ. ಹೊರಡುವಾಗ ಹಣ್ಣುಹಣ್ಣಾದ ಅಜ್ಜಿ ನನ್ನ ಗದ್ದ ಹಿಡಿದಳು. “ಕೇಳಿದ ಕೂಡ್ಲೆ ಹೂಂ ಅನ್ನು. ವಿಚಾರ ಮಾಡಾಕ ಹೋಗಬ್ಯಾಡ, ನನ್ನಾಣಿ ಐತಿ.” ಪಾದ್ರಿಗಳ ಮಾತು ಮುಗಿಯುವ ಮೊದಲೇ ನಾನು ಹೂಂ ಎಂದೆ. ಅದು ನಿಜವೇ ಸುಳ್ಳೇ ಎಂದು ಕೇಳಬೇಡಿ, ಯಾವುದಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಈಗ ಆ ಪದ್ಧತಿ ಇಲ್ಲ. ಯಾರನ್ನೂ ಏನೂ ಕೇಳುವುದಿಲ್ಲ, ಎಲ್ಲ ಮದುವೆಗೂ ಗಂಟೆ ಹೊಡೆಯುತ್ತಾರೆ. ಹೋಗಲಿ, ಪೀಡೆ ಕಳೆಯಿತು. ಆದರೆ ಅದಕ್ಕೂ ಮುಂಚೆಯೇ ನಮ್ಮ ಮನೆಯಿಂದ ಇನ್ನೊಂದು ಹೊರಟುಹೋಗಿತ್ತು. ಕರುಣತ್ತೆಯ ನಂತರ ನಮ್ಮ ಹೆಣ್ಣುಮಕ್ಕಳು ಯಾರೂ ದೇವರ ಎದುರಿಗೂ ಮನಸ್ಸು ಬಿಚ್ಚಿ ಮಾತಾಡಲಿಲ್ಲ.