ಗುರುದೇವಿ ಆಂಟಿ ಮತ್ತು ಮರುಭೂಮಿಯ ನರಿ

ಸಿಟ್ಟಿನಿಂದ ಎದ್ದು ಹೋಗುವುದಕ್ಕೂ ಒಂದು ಗತ್ತು ಬೇಕು. ಲೆಮಾಂಟ್ ದೇವಸ್ಥಾನದ ಕೆಳಗಿನ ಸಭಾಂಗಣದಿಂದ ಗುರುದೇವಿ ಆಂಟಿ ಗತ್ತಿನಿಂದಲೇ ಎದ್ದು ಹೋದರು. ಕುರ್ಚಿ ಕಿರುಗುಟ್ಟಿತು, ಬಾಗಿಲು ಬಡಿಯಿತು. ಕಾರಿನಲ್ಲಿ ಕೂತು ಬ್ರೇಕ್ ಒತ್ತಿದಾಗಲಷ್ಟೇ ಪಾದ ಬೂಟಿನೊಳಗೆ ಈಜುತ್ತಿರುವುದು ತಿಳಿಯಿತು. ಹಿಮ ಬೀಳುವ ಜನವರಿಯಲ್ಲಿ ದೇವಸ್ಥಾನದ ಚಪ್ಪಲಿ ಗೂಡಿನ ಬೂಟುಗಳೆಲ್ಲ ಕಪ್ಪೇ. ಆಂಟಿ ಮೆಟ್ಟಿಕೊಂಡು ಬಂದದ್ದು ಹನ್ನೊಂದನೆಯ ಸೈಜಿನದು. ಒಳಗೆ ಮಾರ್ಕರಿನಲ್ಲಿ ಹೆಸರು ಬೇರೆ: ಅಶ್ವಥ್. ಯಾರ ಮೇಲೆ ಸಿಟ್ಟಾಗಿ ಬಂದಿದ್ದರೋ, ಅವನದೇ.

ಆಂಟಿ ಬೆಳಗಾವಿಯವರು. ಕಡಲು ದಾಟಿ ಬಂದು ಈಗ ನೇಪರ್‌ವಿಲ್‌ನಲ್ಲಿ ಮನೆ. ಮೂವತ್ತನಾಲ್ಕು ವರ್ಷ ಪೆಥಾಲಜಿಸ್ಟ್ ಆಗಿ ಗಾಜಿನ ಸ್ಲೈಡುಗಳಲ್ಲಿ ಕ್ಯಾನ್ಸರ್ ಹುಡುಕಿದವರು. ನಿವೃತ್ತಿಯಾದ ಮೇಲೆ ಪರದೆಯ ಸ್ಲೈಡುಗಳ ಮೇಲೂ ಅದೇ ಕಣ್ಣು. ಆ ಶನಿವಾರ ಅಶ್ವಥ್, ಕನ್ನಡ ಕೂಟದ ಮಕ್ಕಳ ಶಿಬಿರಕ್ಕೆಂದು ಮಾಡಿದ ‘ನಾಯಕತ್ವದ ಪಾಠಗಳು’ ಎಂಬ ಸ್ಲೈಡುಗಳನ್ನು ಮೊದಲು ಹಿರಿಯರಿಗೆ ತೋರಿಸುತ್ತಿದ್ದ. ನಾಯಕ ಯಾರೆಂದರೆ ಎರಡನೆಯ ಮಹಾಯುದ್ಧದ ಜರ್ಮನ್ ಸೇನಾಪತಿ ರೊಮೆಲ್, ‘ಮರುಭೂಮಿಯ ನರಿ’. ಫ್ರಾನ್ಸಿಗೆ ಟ್ಯಾಂಕು ನುಗ್ಗಿಸಿದ್ದು, ಆಫ್ರಿಕದ ಮರಳಿನಲ್ಲಿ ಇಂಗ್ಲಿಷರನ್ನು ಓಡಾಡಿಸಿದ್ದು, ಕಡೆಗೆ ಹಿಟ್ಲರನೇ ಅವನಿಗೆ ವಿಷ ಕುಡಿಸಿದ್ದು. ಯುದ್ಧ ಮುಗಿದ ಮೇಲೆ ಜರ್ಮನರು ಒಂದು ಹಡಗಿಗೂ ಅವನ ಹೆಸರಿಟ್ಟರಂತೆ. ಆಮೇಲೆ ಹನ್ನೆರಡನೆಯ ಸ್ಲೈಡು ಬಂತು: ‘ಸೆರೆಯಾಳುಗಳನ್ನು ಅತಿಥಿಗಳಂತೆ ಕಂಡ.’

ಆಂಟಿಗೆ ಗಡ್ಡೆ ಸಿಕ್ಕಿತು. ಅವರ ಅಪ್ಪ ಇಂಗ್ಲಿಷರ ಸೈನ್ಯದ ಮರಾಠಾ ಪಲ್ಟಣದಲ್ಲಿ ಅಡುಗೆಯವ. 1942ರಲ್ಲಿ ಆಫ್ರಿಕದ ಟೊಬ್ರುಕ್‌ನಲ್ಲಿ ರೊಮೆಲ್‌ನ ಸೈನ್ಯಕ್ಕೆ ಸೆರೆಸಿಕ್ಕವರಲ್ಲಿ ಒಬ್ಬ. “ಆ ಸಾಲು ತೆಗಿ” ಎಂದರು ಆಂಟಿ. “ಅದು ಹಿಸ್ಟರಿ ಆಂಟಿ” ಎಂದ ಅಶ್ವಥ್. ಎದ್ದು ಹೋದದ್ದು ಅದಕ್ಕೇ.

ಈಗ ದೊಡ್ಡ ಬೂಟು ಎಳೆಯುತ್ತ ಮರಳಿ ಬಂದರು. ಗೂಡಿನ ಮುಂದೆ ಅಶ್ವಥ್ ಕಾಲುಚೀಲದಲ್ಲಿ ನಿಂತಿದ್ದ, ಕಂಕುಳಲ್ಲಿ ಲ್ಯಾಪ್‌ಟಾಪ್.

“ನಗಬ್ಯಾಡ.”

“ನಗ್ತಿಲ್ಲ ಆಂಟಿ. ಆದ್ರೆ ಇಷ್ಟು ಸಿಟ್ಟು ಯಾಕೆ? ಶತ್ರುಗಳೇ ಅವನನ್ನ ಜೆಂಟಲ್‌ಮನ್ ಅಂದಿದಾರೆ.”

“ಯಾವ ಶತ್ರುಗಳೋ? ಲಂಡನ್‌ದಾಗ ಕುರ್ಚಿ ಮ್ಯಾಲ ಕೂತವರು! ನಮ್ಮಪ್ಪ ಮರಳಾಗ ಕೂತಿದ್ದ. ಮೂರು ದಿನ ಬಿಸಲಾಗ, ಒಂದು ಡಬ್ಬಿ ನೀರಿಗೆ ಹತ್ತು ಮಂದಿ. ಆಮ್ಯಾಲ ಇಟಲಿಯವರ ಕೈಗೆ ದಾಟಿಸಿ ನಿನ್ನ ಜೆಂಟಲ್‌ಮನ್ ಮುಂದ ಹೋದ. ಅತಿಥಿ ಅಂತ, ಅತಿಥಿ! ನಿಮ್ಮನ್ಯಾಗ ಬಂದವರಿಗೆ ನೀರು ಕೊಡೂದಿಲ್ಲೇನು?”

“ಅದು ಅವನೇ ಮಾಡಿದ್ದಲ್ಲ...”

“ಹೌದಪ್ಪಾ. ಗೆದ್ದದ್ದೆಲ್ಲ ಅವನೇ ಗೆದ್ದ, ನೀರು ಕೊಡದೇ ಇದ್ದವ ಮಾತ್ರ ಬ್ಯಾರೆ ಯಾರೋ! ಯುದ್ಧ ಶುರುವಾದಾಗ ಹಿಟ್ಲರನ ಬೆಂಗಾವಲು ಪಡೆಗೆ ಇವನೇ ಮುಖ್ಯಸ್ಥ. ಅದು ಯಾವ ಸ್ಲೈಡಿನಾಗ ಐತಿ, ತೋರ್ಸು.”

ಯಾವುದರಲ್ಲೂ ಇರಲಿಲ್ಲ. ಅವರ ಅಪ್ಪ ಸಾಯುವತನಕ ತಲೆದಿಂಬಿನ ಪಕ್ಕ ತುಂಬಿದ ತಂಬಿಗೆ ಇಲ್ಲದೆ ಮಲಗಿದವನಲ್ಲ. ಶಿಬಿರದ ನಲವತ್ತು ಮಕ್ಕಳು ಆ ಸಾಲನ್ನು ಬರೆದುಕೊಂಡರೆ ತಂಬಿಗೆಯೇ ಸುಳ್ಳಾಗುತ್ತಿತ್ತು.

ಅಶ್ವಥ್ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಸಾಲು ಅಳಿಸಿದ.

“ತೆಗೆದೆ. ಆ ಜಾಗದಲ್ಲಿ ನಿಮ್ಮ ತಂದೆಯವರ ಮಾತನ್ನೇ ಹಾಕ್ತೀನಿ. ಹೇಳಿ ಆಂಟಿ, ರೊಮೆಲ್ ಬಗ್ಗೆ ಅವರು ಏನಂತಿದ್ರು?”

ಆಂಟಿ ಅವನ ಬೂಟುಗಳನ್ನು ಕಳಚಿ, ಜೋಡಿಸಿ, ಅವನ ಮುಂದಿಟ್ಟರು.

“ಏನೂ ಇಲ್ಲೋ ತಮ್ಮಾ. ಅಪ್ಪಗ ಅವನ ಹೆಸರೇ ಗೊತ್ತಿದ್ದಿಲ್ಲ.”