ಎಸ್ಕೇಪ್ ಒತ್ತಿದ ಮೇಲಿನ ಒಂದು ಸೆಕೆಂಡ್

2005ರ ಸುಮಾರಿಗೆ ನಾನು ಹೈದರಾಬಾದಿನ ಮಾದಾಪುರದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಸರ್ವರ್‌ಗಳಿಗೆ ನೆಗಡಿಯಾದರೂ ನನ್ನನ್ನೇ ಕರೆಯುತ್ತಿದ್ದರು. ಮೈಸೂರಿನವನಾದ ನನಗೆ ದೆವ್ವ, ದೃಷ್ಟಿ, ಮಾಟ ಎಂದರೆ ನಗು ಬರುತ್ತಿತ್ತು. ಆ ನಗು ಒಂದು ಶನಿವಾರ ಮಧ್ಯಾಹ್ನ ನಿಂತುಹೋಯಿತು.

ನಮ್ಮ ಮಹಡಿಗೆ ಗುಲ್ಬರ್ಗದ ಮಹಾದೇವಿ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ಕಾಚಿಗೂಡದಲ್ಲಿ ಅಕ್ಕನ ಮನೆಯಲ್ಲಿದ್ದು ಓಡಾಡುತ್ತಿದ್ದಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಕಣ್ಣಿನ ಆಸ್ಪತ್ರೆಯ ಶಾಖೆಗಳಲ್ಲಿ ಯಾವುವು ನಮ್ಮ ಸರ್ವರ್‌ಗೆ ಪ್ರವೇಶಿಸಬಹುದು ಎಂಬ ಪಟ್ಟಿಯನ್ನು ತಿದ್ದುವುದು ಅವಳ ಜವಾಬ್ದಾರಿ. ಶಾಖೆಗೊಂದು ಸಾಲು, ಕಟ್ಟಕಡೆಗೆ 'ಉಳಿದವರನ್ನೆಲ್ಲ ತಡೆ' ಎಂಬ ಸಾಲು. ಸರ್ವರ್ ಇದನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ತಡೆಯುವ ಸಾಲು ಬಂದರೆ ಅದರ ಕೆಳಗಿರುವುದನ್ನು ನೋಡುವುದೇ ಇಲ್ಲ. ಆದ್ದರಿಂದ ಕಡೆಯ ಸಾಲು ಕಡೆಯಲ್ಲೇ ಇರಬೇಕು.

ಒಂದು ಬೆಳಿಗ್ಗೆ ಅದು ಒಂದು ಸ್ಥಾನ ಮೇಲಕ್ಕೆ ಹೋಗಿ ಕೂತಿತ್ತು. ಅದರ ಕೆಳಗೆ ಸಿಕ್ಕಿಕೊಂಡ ಶಾಖೆಯ ಕಂಪ್ಯೂಟರ್‌ಗಳೆಲ್ಲ ಬಂದ್. ರೋಗಿಗಳು ಕಣ್ಣಿಗೆ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಮಧ್ಯಾಹ್ನದ ತನಕ ಕಾದರಂತೆ. ವಾರ ಕಳೆಯುವಷ್ಟರಲ್ಲಿ ಮತ್ತದೇ ಆಯಿತು. ಎರಡು ಸಲವೂ ಕಡೆಯದಾಗಿ ಪಟ್ಟಿ ಮುಟ್ಟಿದವಳು ಮಹಾದೇವಿ.

ಅವಳ ಟೀಮ್ ಲೀಡರ್ ರಾವ್ ಸಿಡುಕಿನ ಮನುಷ್ಯನಲ್ಲ, ಆದರೆ ಅವರ ತಾಳ್ಮೆಯೂ ಮುಗಿದಿತ್ತು. ಯಂತ್ರದಲ್ಲಿ ದೋಷವಿದ್ದರೆ ಹುಡುಕಿಕೊಡು, ಇಲ್ಲದಿದ್ದರೆ ಸೋಮವಾರ ಅವಳನ್ನು ಮನೆಗೆ ಕಳಿಸುತ್ತೇನೆ ಎಂದು ನನಗೆ ಹೇಳಿದರು.

ಶನಿವಾರ ಮಹಡಿಯಲ್ಲಿ ನಾವಿಬ್ಬರೇ. ಏಸಿಯ ಗುಂಯ್ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಮಹಾದೇವಿಯ ಮಣಿಕಟ್ಟಿನಲ್ಲಿ ಕರಿ ದಾರವಿತ್ತು.

"ನಾ ಆ ಸಾಲು ಸರಿಸಿಲ್ರಿ ಸರ್. ಅದೇ ಮ್ಯಾಲೆ ಹೋಗಿ ಕುಂದರತೈತ್ರಿ," ಎಂದಳು. "ಯಾರದೋ ಕಣ್ಣು ಬಿದ್ದೈತಿ ಅಂತ ಅಕ್ಕ ದಾರ ಕಟ್ಟಿಸ್ಯಾಳ್ರಿ. ನನಗೂ ಹಂಗ ಅನಸಾಕತ್ತೈತ್ರಿ."

ಪಟ್ಟಿ ತಿದ್ದಲು ನಾವು ಬಳಸುತ್ತಿದ್ದ ಎಡಿಟರ್ ಎಂಬ ತಂತ್ರಾಂಶಕ್ಕೆ ಎರಡು ಸ್ಥಿತಿ. ಬರೆಯುವ ಸ್ಥಿತಿಯಲ್ಲಿ k ಒತ್ತಿದರೆ k ಅಕ್ಷರ ಮೂಡುತ್ತದೆ. ಆಜ್ಞೆಯ ಸ್ಥಿತಿಯಲ್ಲಿ ಅದೇ k ಒತ್ತಿದರೆ ಕರ್ಸರ್ ಒಂದು ಸಾಲು ಮೇಲಕ್ಕೆ ಹೋಗುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಹೊಸಿಲೇ ಎಸ್ಕೇಪ್ ಕೀಲಿ. ನಾನು ಅವಳ ಕುರ್ಚಿಯಲ್ಲಿ ಕೂತು ಬರೆದೆ, ಎಸ್ಕೇಪ್ ಒತ್ತಿದೆ, k ಒತ್ತಿ ಮೇಲಿನ ಸಾಲಿಗೆ ಹೋದೆ. ಯಾವ ಸಾಲೂ ಅಲುಗಲಿಲ್ಲ. ಎಸ್ಕೇಪ್ ಒತ್ತಿದಾಗಲೆಲ್ಲ ಪರದೆ ಒಂದು ಸೆಕೆಂಡ್ ಸುಮ್ಮನೆ ನಿಲ್ಲುತ್ತಿತ್ತು, ಅಷ್ಟೆ. ಅದು ಮಹಡಿಗೆಲ್ಲ ಗೊತ್ತಿದ್ದ ಸಂಗತಿ. ಹಳೆಯ ಸರ್ವರ್, ಅದಕ್ಕೇ ನಿಧಾನ ಎಂದುಕೊಂಡು, ಪರದೆಯ ಅಡಿಯಲ್ಲಿರುವ ಸ್ಥಿತಿಯ ಹೆಸರು ಅಳಿಸಿಹೋಗುವ ತನಕ ಕಾದು ಮುಂದಿನ ಕೀಲಿ ಒತ್ತುವುದು ಎಲ್ಲರಿಗೂ ರೂಢಿಯಾಗಿತ್ತು.

ಆಮೇಲೆ ಅವಳೇ ಕೂತು, ಕಣ್ಣು ಪರದೆಗೆ ನೆಟ್ಟು, ಅಂಜುತ್ತಂಜುತ್ತ ಮಾಡಿದಳು. ಆಗಲೂ ಏನೂ ಆಗಲಿಲ್ಲ.

"ನೋಡ್ಕೋತ ಕುಂತ್ರ ಅದು ಅಲುಗಾಡಂಗಿಲ್ರಿ ಸರ್," ಎಂದಳು ಮೆಲ್ಲಗೆ. "ನಾ ನೋಡಲಾರದಾಗ ಹೋಗತೈತ್ರಿ."

"ನಾನಿಲ್ಲ ಅಂದುಕೋ. ಪಟ್ಟಿ ತಿದ್ದುವಾಗ ಹೇಗೆ ಮಾಡ್ತೀಯೋ ಹಾಗೇ ಮಾಡಮ್ಮ," ಎಂದು ಅವಳ ಹಿಂದೆ ಹೋಗಿ ನಿಂತೆ.

ಅವಳು ತಿದ್ದುಪಡಿಗಳನ್ನು ಬರೆದಿದ್ದ ಕಾಗದವನ್ನು ಎಡಕ್ಕೆ ಆನಿಸಿಟ್ಟು, ಬೆನ್ನು ನೆಟ್ಟಗೆ ಮಾಡಿ, ನೋಟವನ್ನು ಕಾಗದಕ್ಕೆ ನೆಟ್ಟಳು. ಗುಲ್ಬರ್ಗದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಸೀನಿಯರ್ ಪರೀಕ್ಷೆ ಪಾಸಾದವಳು. ಕಣ್ಣು ಕಾಗದ ಬಿಟ್ಟು ಯಂತ್ರದ ಕಡೆ ಹೊರಳಿದರೆ ಅಲ್ಲಿ ಬೆರಳ ಮೇಲೆ ಏಟು ಬೀಳುತ್ತಿತ್ತಂತೆ. ಪಟಪಟನೆ ಕೈ ಓಡಿತು. ಕಡೆಯ ಸಾಲಿನ ತುದಿಗೆ ಆ ದಿನದ ತಾರೀಖು ಬರೆದಳು, ಎಸ್ಕೇಪ್ ಒತ್ತಿದಳು, ಮೇಲಿನ ಸಾಲಿಗೆ ಹೋಗಲು k ಒತ್ತಿದಳು.

ಕಡೆಯ ಸಾಲು ಎದ್ದು ಮೇಲಿನ ಸಾಲನ್ನು ದಾಟಿ ಕೂತಿತು. ಅವಳಿಗೆ ಅದರ ಸುಳಿವೇ ಇಲ್ಲ, ಕಾಗದ ತಿರುವುತ್ತಿದ್ದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ಮಹಾದೇವಿ, ಕೈ ಎತ್ತು. ಈಗ ಪರದೆ ನೋಡು."

ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಕಾಣಸ್ತಲ್ರಿ ಸರ್?" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಕೆಲಸ ಹೋಗುವ ಭಯಕ್ಕಿಂತ ತನ್ನ ತಲೆ ಕೆಟ್ಟಿದೆ ಎಂಬ ಭಯವೇ ಅವಳನ್ನು ತಿಂದುಹಾಕಿತ್ತು.

ಕಣ್ಣಾರೆ ಕಂಡ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಆ ಸರ್ವರ್‌ನಲ್ಲಿ ಎಲ್ಲರಿಗೂ ಅನ್ವಯವಾಗುವ ಸೆಟ್ಟಿಂಗ್ಸ್ ಫೈಲ್ ತೆರೆದೆ. ಯಾರೋ ತಮ್ಮ ಅನುಕೂಲಕ್ಕೆ ಒಂದು ಶಾರ್ಟ್‌ಕಟ್ ಸೇರಿಸಿದ್ದರು: ಬರೆಯುತ್ತಿರುವಾಗ ಎಸ್ಕೇಪ್ ಮತ್ತು k ಒಂದರ ಬೆನ್ನಿಗೊಂದು ಬಂದರೆ ಆ ಸಾಲನ್ನೇ ಮೇಲಕ್ಕೆ ಸರಿಸು. ಹಾಗಾಗಿ ಎಸ್ಕೇಪ್ ಬಂದಾಗಲೆಲ್ಲ ಎಡಿಟರ್ ಮುಂದಿನ ಕೀಲಿಗಾಗಿ ಒಂದು ಸೆಕೆಂಡ್ ಕಾಯುತ್ತಿತ್ತು. ನಾವು ನಿಧಾನವೆಂದು ಬೈದದ್ದು ಈ ಕಾಯುವಿಕೆಯನ್ನೇ. ಪರದೆ ನೋಡುವವರೆಲ್ಲ ಅದು ಮುಗಿಯಲು ಬಿಟ್ಟು ಬಚಾವಾಗುತ್ತಿದ್ದರು. ಪರದೆ ನೋಡದ ಮಹಾದೇವಿ ಆ ಸೆಕೆಂಡಿನ ಒಳಗೇ k ಒತ್ತುತ್ತಿದ್ದಳು.

ಫೈಲಿನ ಮಾಲೀಕ ಯಾರೆಂದು ನೋಡಿದೆ. ಹೆಸರಿರಬೇಕಾದಲ್ಲಿ ಬರೀ ಒಂದು ಸಂಖ್ಯೆ ಇತ್ತು. ಕಂಪನಿ ಬಿಟ್ಟವರ ಖಾತೆ ಅಳಿಸಿದರೆ ಹೀಗೇ ಉಳಿಯುತ್ತದೆ. ಆ ಸಂಖ್ಯೆ ಯಾರದೆಂದು ಹಳಬರನ್ನೆಲ್ಲ ಕೇಳಿದೆ, ಒಬ್ಬರಿಗೂ ನೆನಪಿರಲಿಲ್ಲ. ಮುಖ, ಹೆಸರು ಎರಡೂ ಇಲ್ಲದ ಒಬ್ಬರು ನಮ್ಮೆಲ್ಲರ ಬೆರಳುಗಳನ್ನು ಅಷ್ಟು ಕಾಲ ಕಾಯಿಸಿದ್ದರು ಎಂಬುದು ಈಗಲೂ ನನಗೆ ಕಸಿವಿಸಿ.

ಶಾರ್ಟ್‌ಕಟ್ ಅಳಿಸಿದೆ, ಎಸ್ಕೇಪ್ ತಕ್ಷಣ ಓಗೊಟ್ಟಿತು. ಸೋಮವಾರ ರಾವ್ ಎಲ್ಲರ ಮುಂದೆ ಅವಳ ಕ್ಷಮೆ ಕೇಳಿದರು. ಮುಂದೆ ಕೆಲಸವೂ ಕಾಯಂ ಆಯಿತು.

ಕೆಲವು ತಿಂಗಳ ಮೇಲೆ ಅವಳ ಟೇಬಲ್ ಹಾದುಹೋಗುತ್ತಿದ್ದೆ. ನೋಟ ಪರದೆಯ ಮೇಲಿತ್ತು. ಎಸ್ಕೇಪ್ ಒತ್ತಿ, ಬೆರಳೆತ್ತಿ, ಉಸಿರು ಹಿಡಿದು ಕಾಯುತ್ತಿದ್ದಳು. ಇನ್ನು ಕಾಯಬೇಕಿಲ್ಲವಲ್ಲ ಎಂದೆ.

"ಗೊತ್ತೈತ್ರಿ ಸರ್. ಕೈ ಕೇಳಂಗಿಲ್ರಿ."

'ನನಗೊಬ್ಬಳಿಗೇ ಹೀಗಾಗುತ್ತದೆ' ಎಂದು ಯಾರಾದರೂ ಹೇಳಿದರೆ ಅವರ ಕುರ್ಚಿಯಲ್ಲಿ ಕೂರಬಾರದು, ಅವರ ಹಿಂದೆ ನಿಂತು ನೋಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಅದೂ ಬೇಗ ನೋಡಬೇಕು. ಯಂತ್ರದಿಂದ ಆ ದೋಷ ತೆಗೆಯಲು ಒಂದು ಸಾಲು ಅಳಿಸಿದರೆ ಸಾಕಾಯಿತು. ಆ ಹುಡುಗಿಯ ಬೆರಳಿನಿಂದ ಅದನ್ನು ತೆಗೆಯುವ ವಿದ್ಯೆ ನನಗೆ ಬರಲಿಲ್ಲ.